ಭಾನುವಾರ ಕಾಣದ ಕಲ್ಲು

ಬೇರೆಯವರ ಹೊಲದಲ್ಲಿ ನಿಂತು ಅವರ ಹೊಲವನ್ನೇ ಕೇಳುವುದು ನನ್ನ ಕೆಲಸವಾಗಿತ್ತು. ವಿದ್ಯುತ್ ಟವರ್ ನಿಲ್ಲಿಸುವ ಗುತ್ತಿಗೆ ಕಂಪನಿಗಳಲ್ಲಿ ಇಂಜಿನಿಯರುಗಳಿರುತ್ತಾರೆ, ಸರ್ವೆಯವರಿರುತ್ತಾರೆ, ತಂತಿ ಎಳೆಯುವ ಗ್ಯಾಂಗ್ ಇರುತ್ತದೆ. ಇವರೆಲ್ಲರಿಗಿಂತ ಮುಂಚೆ ಊರೊಳಕ್ಕೆ ಹೋಗಿ, ಜಮೀನಿನವರ ಜಗಲಿಯ ಮೇಲೆ ಕೂತು, ನಿಮ್ಮ ಹೊಲದ ಮೇಲೆ ಲೈನ್ ಹಾದುಹೋಗುತ್ತದೆ, ಒಪ್ಪಿಕೊಳ್ಳಿ ಎಂದು ಹೇಳಿ ಬೈಸಿಕೊಳ್ಳಲು ಒಬ್ಬ ಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಆ ಒಬ್ಬ ನಾನು. ಊರುಗಳಲ್ಲಿ ನನ್ನನ್ನು ಟವರ್ ನಂಜುಂಡಪ್ಪ ಎನ್ನುತ್ತಿದ್ದರು. ಎದುರಿಗೆ ನಂಜುಂಡಣ್ಣ, ಬೆನ್ನ ಹಿಂದೆ ಏನೇನೋ.

ಈಗ ಈ ಕೆಲಸಕ್ಕೆ ಪದವಿ ಮಾಡಿದ ಹುಡುಗರು ಬರುತ್ತಿದ್ದಾರೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ಅವರಲ್ಲಿ ಇಬ್ಬರು ಮೂವರು ನನ್ನ ಮನೆಗೆ ಬಂದು, ಮಾತಾಡುವುದು ಹೇಗೆ, ಸಿಟ್ಟಿನ ಜನರನ್ನು ಒಲಿಸುವುದು ಹೇಗೆ ಎಂದು ಕೇಳುತ್ತಾರೆ. ಅದರ ಜೊತೆಗೆ ಇನ್ನೊಂದನ್ನೂ ಕೇಳುತ್ತಾರೆ. ಗೋಡೆಯ ಮೇಲಿನ ಹಕ್ಕಿಯ ಫೋಟೋಗಳನ್ನು ನೋಡಿ, ಇಷ್ಟೊಂದು ಓಡಾಟದಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿತ್ತು ಸಾರ್ ಅನ್ನುತ್ತಾರೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಅದನ್ನು ಬರೆದಿಡುತ್ತೇನೆ.

ಮೊದಲು ಮಾತಿನ ವಿಷಯ. ನಾನು ಓದಿದ್ದು ಹತ್ತನೇ ತರಗತಿ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಎಣಿಸಿಕೊಂಡಿದ್ದವನನ್ನು ಈ ಕೆಲಸಕ್ಕೆ ಎಳೆದವರು ಜವರಪ್ಪ ಎಂಬ ಸೂಪರ್‌ವೈಸರ್. ಮಂಡಿಯಲ್ಲಿ ನಾನು ಒಬ್ಬ ರೈತನ ಹತ್ತಿರ ಚೌಕಾಸಿ ಮಾಡುವುದನ್ನು ಕಂಬಕ್ಕೆ ಒರಗಿಕೊಂಡು ಪೂರ್ತಿ ಕೇಳಿ, ಕೊನೆಗೆ ಆ ರೈತನೇ ನಗುತ್ತಾ ಹೋದದ್ದನ್ನು ನೋಡಿ, ನಾಳೆಯಿಂದ ನನ್ನ ಜೊತೆ ಬಾ ಅಂದರು. ಅವರು ಮೊದಲ ದಿನ ಹೇಳಿಕೊಟ್ಟದ್ದು ಇಷ್ಟೇ.

"ಮೊದ್ಲು ಕಾಫಿ ಕುಡಿ ಕಣ್ಲಾ. ನಕ್ಸೆ ಆಮೇಲೆ ಬಿಚ್ಚೀಯಂತೆ. ಅವರ ಮನೆ ಲೋಟ ಕೆಳಗಿಡೋಗಂಟ ಲೈನಿನ್ ಮಾತು ಎತ್ತಬ್ಯಾಡ."

ಇದು ಚಿಕ್ಕ ಮಾತು ಅನ್ನಿಸುತ್ತದೆ. ಆದರೆ ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ ಊರಿನವರನ್ನು ಕರೆದು ತೋರಿಸಿದ ಇಂಜಿನಿಯರುಗಳ ಗತಿ ನಾನು ನೋಡಿದ್ದೇನೆ. ಕಾನೂನು ನಮ್ಮ ಕಡೆಗೇ ಇತ್ತು, ಪೊಲೀಸರನ್ನು ಕರೆಸಿ ಗುಂಡಿ ತೋಡಿಸಬಹುದಿತ್ತು. ಹಾಗೆ ತೋಡಿಸಿದ ಗುಂಡಿಗೆ ಊರಿನ ಅರ್ಧ ಜನ ಇಳಿದು ಕೂರುತ್ತಿದ್ದರು. ಒಪ್ಪಿಸಿ ತೋಡಿದ ಗುಂಡಿಗೆ ಅವರೇ ನೀರು ತಂದು ಕೊಡುತ್ತಿದ್ದರು.

ಪರಿಹಾರದ ದರ ಸರ್ಕಾರದ್ದು, ಅದರಲ್ಲಿ ನನ್ನ ಕೈ ಇಲ್ಲ. ನನ್ನ ಚೌಕಾಸಿ ಬೇರೆಯದು. ಕಟಾವು ಮುಗಿಯುವ ತನಕ ಕಾಯುತ್ತೇನೆ, ನೀವು ಬದುವಿನ ದಾರಿ ಬಿಡಿ. ನಿಮ್ಮ ಹುಣಸೆಮರ ಉಳಿಸುತ್ತೇನೆ, ನೀವು ಪಕ್ಕದ ಜಮೀನಿನ ನಿಮ್ಮ ದಾಯಾದಿಯ ಹತ್ತಿರ ನನ್ನ ಪರ ಒಂದು ಮಾತಾಡಿ. ಇಂಥ ಕೊಡುಕೊಳ್ಳುವಿಕೆಗೆ ಬಂಡವಾಳ ಒಂದೇ, ನಾನು ಹೇಳಿದ್ದು ಆಗುತ್ತದೆ ಎಂಬ ನಂಬಿಕೆ. ಅದು ಒಂದು ಊರಿನಲ್ಲಿ ಹೋದರೆ ಬಸ್ಸಿಗಿಂತ ಮುಂಚೆ ಮುಂದಿನ ಊರಿಗೆ ಸುದ್ದಿ ತಲುಪಿರುತ್ತದೆ.

ಇನ್ನು ಕ್ಯಾಮೆರಾ. ವಾರವೆಲ್ಲ ಜನರ ಮುಖದ ಸಿಟ್ಟನ್ನೇ ನೋಡಿ ನೋಡಿ ನನಗೆ ಮನೆಯಲ್ಲೂ ಚೌಕಾಸಿಯ ದನಿ ಬಂದುಬಿಟ್ಟಿತ್ತು. ಸಾರಿಗೆ ಉಪ್ಪು ಜಾಸ್ತಿ ಅನ್ನುವುದನ್ನು ಕೂಡ ಎದುರುಪಕ್ಷದವರಿಗೆ ಹೇಳುವ ಹಾಗೆ ಹೇಳುತ್ತಿದ್ದೆ. ನನ್ನ ಹೆಂಡತಿ ಗಿರಿಜ ಒಂದು ದಿನ, ಭಾನುವಾರ ಮಾತಾಡದೆ ಇರುವ ಕೆಲಸ ಏನಾದರೂ ಹುಡುಕಿಕೊಳ್ಳಿ, ಇಲ್ಲದಿದ್ದರೆ ನಾನು ತವರಿಗೆ ಹೋಗುತ್ತೇನೆ ಅಂದಳು. ಚನ್ನರಾಯಪಟ್ಟಣದಲ್ಲಿ ಮದುವೆ ಫೋಟೋ ತೆಗೆಯುವ ಒಬ್ಬ ಪರಿಚಯದವನು ಶೋಕಿಗೆಂದು ಉದ್ದನೆಯ ಲೆನ್ಸ್ ಕೊಂಡು, ಮದುವೆಮನೆಯಲ್ಲಿ ಅದನ್ನು ಹಿಡಿಯಲು ಜಾಗ ಸಾಲದೆ ಮೂಲೆಗಿಟ್ಟಿದ್ದ. ಅವನ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕೂತೆ. ಲೆನ್ಸಿನೊಳಗೆ ಬೂಷ್ಟು ಹಿಡಿದಿದೆ ಎಂದು ಟಾರ್ಚು ಬಿಟ್ಟು ತೋರಿಸಿದೆ. ಅವನ ಹಳೆಯ ಕ್ಯಾಮೆರಾವನ್ನೂ ಸೇರಿಸಿ ಬೆಲೆ ಇಳಿಸಿದೆ. ಬ್ಯಾಗು ಹಾಕಿಸಿಕೊಂಡೆ, ಮೂರು ಕಾಲಿನ ಸ್ಟ್ಯಾಂಡು ಹಾಕಿಸಿಕೊಂಡೆ. ಎಲ್ಲ ಮುಗಿದು ಅವನು ಬೆವರು ಒರೆಸಿಕೊಳ್ಳುವಾಗ, ಸ್ಪೇರ್ ಬ್ಯಾಟರಿ ಕೊಡದಿದ್ದರೆ ಎದ್ದು ಹೋಗುತ್ತೇನೆ ಅಂದೆ. ತೊಗೊಂಡ್ ಹೋಗಪ್ಪಾ ಮಾರಾಯ, ನನ್ ಅಂಗಡಿ ಬಾಗ್ಲೂ ಬಿಚ್ಕೊಂಡ್ ಹೋಗು ಎಂದು ಅವನು ಅದನ್ನೂ ಮೇಜಿನ ಮೇಲೆ ಇಟ್ಟ. ಆ ಬ್ಯಾಟರಿಯ ಮಾತು ಮುಂದೆ ಬರುತ್ತದೆ.

ಅಲ್ಲಿಂದ ಭಾನುವಾರಗಳು ನಮ್ಮವಾದವು. ಗಿರಿಜ ಚಿತ್ರಾನ್ನದ ಡಬ್ಬಿ ಮತ್ತು ಫ್ಲಾಸ್ಕ್ ಹಿಡಿದು ಕಾರಿನ ಹತ್ತಿರ ಕೂರುವಳು. ನಾನು ಹೊಟ್ಟೆ ನೆಲಕ್ಕೆ ಹಾಕಿ ಮಲಗುವೆ. ಕೊಕ್ಕರೆ ಮೀನು ನುಂಗುವುದನ್ನು ಕಾಯುವಾಗ ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ.

ಒಂದು ಸಲ ಶೆಟ್ಟಿಹಳ್ಳಿಗೆ ಹೋಗಿದ್ದೆವು. ಹಿನ್ನೀರು ಏರಿ ಹಳೆಯ ಚರ್ಚಿನ ಕಮಾನುಗಳ ಅರ್ಧಕ್ಕೆ ಬಂದಿತ್ತು. ಗೋಡೆಯ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಗಂಟೆಗೊಮ್ಮೆ ಫೋನು ಬಡಿದುಕೊಳ್ಳುತ್ತದೆಂದು ಅದನ್ನು ಆಫ್ ಮಾಡಿ ಕಾರಿನಲ್ಲಿ ಎಸೆದಿದ್ದೆ. ಅದೇ ಹೊತ್ತಿನಲ್ಲಿ ಕಟ್ಟಾಯದ ಕಡೆ ನಮ್ಮ ಗ್ಯಾಂಗಿನವರು ಒಪ್ಪಿದವನ ಹೊಲ ಬಿಟ್ಟು ಒಪ್ಪದವನ ಹೊಲಕ್ಕೆ ಗುದ್ದಲಿ ಹಾಕಿದ್ದರು. ಯಾವ ಹೊಲ ಎಂದು ಕೇಳಲು ನನಗೇ ಫೋನು ಮಾಡಿದ್ದರಂತೆ. ಆ ರೈತ ಗುಂಡಿಯೊಳಗೆ ಮಂಚ ಹಾಕಿಕೊಂಡು ಮಲಗಿದ. ಅವನನ್ನು ಮೇಲೆ ಹತ್ತಿಸಲು ನಾನು ಪಟ್ಟ ಪಾಡು ಬೇರೆ ಕಥೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಭಾನುವಾರ ಫೋನು ಆಫ್ ಮಾಡುವುದಿಲ್ಲ, ಗಿರಿಜಳ ಕೈಗೆ ಕೊಡುತ್ತೇನೆ. ಯಾವುದು ಬೆಂಕಿ, ಯಾವುದು ಬರೀ ಹೊಗೆ ಎಂದು ಅವಳಿಗೆ ದನಿಯಲ್ಲೇ ಗೊತ್ತಾಗುತ್ತಿತ್ತು. ಕೆಲಸಕ್ಕೆ ಸೇರುವ ಹುಡುಗರು ಇದನ್ನು ಗಮನಿಸಬೇಕು. ರಜೆ ಎಂದರೆ ಫೋನು ಆರಿಸುವುದಲ್ಲ, ಅದನ್ನು ಬುದ್ಧಿ ಇರುವವರ ಕೈಗೆ ಕೊಡುವುದು.

ಇನ್ನೊಂದು ನಿಯಮವನ್ನೂ ಮಾಡಿಕೊಂಡಿದ್ದೆ. ಕೆಲಸ ನಡೆಯುತ್ತಿರುವ ಊರಿಗೆ ಕ್ಯಾಮೆರಾ ಒಯ್ಯಬಾರದು. ಇದನ್ನು ಮುರಿದದ್ದು ಒಂದೇ ಸಲ. ಆ ಸಲದ್ದೇ ನಾನು ಹೇಳಬೇಕಾದ ಸಂಗತಿ.

ಅರಕಲಗೂಡಿನ ಕಡೆಯಿಂದ ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣದತ್ತ ಹೋಗುವ ಲೈನು. ಹಳ್ಳಿಮೈಸೂರು ಹೋಬಳಿಯ ಒಂದು ಊರು ಮಾತ್ರ ಒಪ್ಪುತ್ತಿರಲಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ರತ್ನಮ್ಮ ಎಂಬ ಹೆಣ್ಣುಮಗಳು ಹಸಿರು ನೆರಳುಬಲೆ ಕಟ್ಟಿ ಮೆಣಸಿನಕಾಯಿ, ಟೊಮೆಟೊ, ಹೊಗೆಸೊಪ್ಪಿನ ಸಸಿ ಬೆಳೆಸಿ ಮಾರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಂದು ಬೋರ್‌ವೆಲ್ಲನ್ನು ನಂಬಿ ಎತ್ತಿ ನಿಲ್ಲಿಸಿದ ನರ್ಸರಿ ಅದು. ಸುತ್ತಲಿನ ಊರಿನವರೆಲ್ಲ ಸಸಿಗೆ ಅವಳಲ್ಲಿಗೇ ಬರಬೇಕು. ಅವಳು ಒಪ್ಪಿದರೆ ಊರು ಒಪ್ಪುತ್ತದೆ ಎಂದು ಎರಡನೇ ಭೇಟಿಗೇ ನನಗೆ ತಿಳಿಯಿತು.

ನಾನು ಅವಳ ನರ್ಸರಿಯಲ್ಲಿ ನಿಂತು ಮಾತು ಕೊಟ್ಟೆ. ಟವರ್ ನಿಲ್ಲುವುದು ಮೇಲಿನ ಗೋಮಾಳದ ಬಂಡೆಯ ಮೇಲೆ. ನಿನ್ನ ಹೊಲದ ಮೂಲೆಯ ಮೇಲೆ ತಂತಿ ಮಾತ್ರ ಹಾಯುತ್ತದೆ. ಬೋರ್‌ವೆಲ್ಲಿನ ಹತ್ತಿರ ನಮ್ಮವರು ಕಾಲಿಡುವುದಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡು, ಸಹಿ ಹಾಕುವ ಮುಂಚೆ ಒಂದು ಮಾತು ಹೇಳಿದಳು.

"ಕಂಪ್ನಿ ಗಿಂಪ್ನಿ ನಂಗೊತ್ತಿಲ್ಲ ಕಣಣ್ಣ. ನೀನು ಯೋಳ್ದೆ, ನಾನು ಸೈನು ಆಕ್ತಿವ್ನಿ."

ಅವಳ ಹಿಂದೆ ಊರೆಲ್ಲ ಸಹಿ ಹಾಕಿತು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮುರಳೀಧರ್ ಹಾಸನದ ಆಫೀಸಿನಲ್ಲಿ ನನ್ನ ಬೆನ್ನು ತಟ್ಟಿ ಹೋಳಿಗೆ ಊಟ ಹಾಕಿಸಿದರು. ನನಗಿಂತ ಚಿಕ್ಕವರು, ಬುದ್ಧಿವಂತರು, ಮೃದು ಮಾತಿನವರು. ಗಟ್ಟಿಯಾಗಿ ಮಾತಾಡುವ ಮೇಲಿನವರಿಗೆ ನಾನು ಎಂದೂ ಹೆದರಿದವನಲ್ಲ. ಮೃದುವಾಗಿ ಮಾತಾಡುವವರ ಹತ್ತಿರ ಹುಷಾರಾಗಿರಬೇಕು ಎಂದು ಕಲಿತದ್ದು ಅವರಿಂದ.

ಅದೇ ವಾರದ ಶುಕ್ರವಾರ ಆ ಊರಿನ ಕೆರೆ ಏರಿಯ ಮೇಲೆ ಬರುವಾಗ ನೀಲಕಂಠ ಹಕ್ಕಿ ಕಣ್ಣಿಗೆ ಬಿತ್ತು. ಕೂತಾಗ ಮಂಕಾಗಿ ಕಾಣುವ ಹಕ್ಕಿ ಅದು. ರೆಕ್ಕೆ ಬಿಚ್ಚಿದರೆ ಎರಡು ಬಗೆಯ ನೀಲಿ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಬಹಳ ವರ್ಷದಿಂದ ಅದರ ಒಂದು ಒಳ್ಳೆಯ ಫೋಟೋಕ್ಕಾಗಿ ಅಲೆದಿದ್ದೆ. ಊರು ಒಪ್ಪಿಯಾಗಿದೆ, ಇನ್ನೇನು ತೊಂದರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಾನುವಾರ ಬೆಳಕು ಹರಿಯುವಾಗ ಕೆರೆಯ ಆಚೆ ದಡದಲ್ಲಿ ಹೊಟ್ಟೆ ಮೇಲೆ ಮಲಗಿದ್ದೆ.

ಹಕ್ಕಿ ಬಂತು. ದೂರದಲ್ಲಿ ನೆಟ್ಟಿದ್ದ ಒಂದು ಮೋಟು ಕಲ್ಲಿನ ಮೇಲೆ ಕೂತಿತು. ನೆಲಕ್ಕೆ ಧುಮುಕಿ ಮಿಡತೆ ಹಿಡಿದು ಮತ್ತೆ ಅದೇ ಕಲ್ಲಿಗೆ ಬಂತು. ಆ ಬರುವ ಗಳಿಗೆಯಲ್ಲಿ ರೆಕ್ಕೆ ಪೂರ್ತಿ ಬಿಚ್ಚಿದ್ದು ನನಗೆ ಸಿಕ್ಕಿತು. ಹಿಂದೆ ಇದ್ದದ್ದೆಲ್ಲ ಹಸಿರು ಮಸುಕು, ನಡುವೆ ಎಂಥದೋ ಒಂದು ನೀಲಿ ಗೆರೆ. ಆ ಹೊತ್ತಿನಲ್ಲಿ ನಾನು ನೋಡಿದ್ದು ಹಕ್ಕಿಯನ್ನು, ಅದರ ಕಣ್ಣನ್ನು, ಕೊಕ್ಕಿನಲ್ಲಿದ್ದ ಮಿಡತೆಯ ಕಾಲನ್ನು. ಕಲ್ಲನ್ನು ನೋಡಲೇ ಇಲ್ಲ. ವಾರವೆಲ್ಲ ಕಲ್ಲು ನೋಡಿಯೇ ಅನ್ನ ತಿಂದವನು ನಾನು.

ಎದ್ದು ಮೊಣಕಾಲಿನ ಮಣ್ಣು ಕೊಡವುವಾಗ ಹಿಂದೆ ಹಾಲಿನ ಕ್ಯಾನು ಹಿಡಿದ ಜನ ನಿಂತಿದ್ದರು. ಮುಂದೆ ನಿಂತವನು ಕುಮಾರ, ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಉಳಿದವರಿಗಿಂತ ಒಂದು ಮಾತು ಜಾಸ್ತಿ ಆಡುವವನು.

"ಏನ್ ಸಾ, ಭಾನ್ವಾರ್ದ ಸರ್ವೆ ಜೋರಾಗದೆ. ಮಲೀಕಂಡ್ ಅಳೀತಿದ್ದೀರ?"

ಹಕ್ಕಿಯಪ್ಪಾ ಅಂದೆ. ಒಬ್ಬರೂ ನಗಲಿಲ್ಲ. ಟವರ್ ನಂಜುಂಡಪ್ಪ ಫಿರಂಗಿಯಂಥ ಲೆನ್ಸ್ ಹಿಡಿದು, ಯಾರಿಗೂ ಹೇಳದೆ, ಬೆಳಕು ಹರಿಯುವಾಗ, ಊರಿನ ಹೊಲಗಳ ಕಡೆ ಗುರಿಯಿಟ್ಟು ಮಲಗಿದ್ದಾನೆ. ಅವರ ಜಾಗದಲ್ಲಿ ನಿಂತಿದ್ದರೆ ನಾನೂ ನಂಬುತ್ತಿರಲಿಲ್ಲ. ಮೈಮೇಲೆ ಕೈ ಹಾಕಲಿಲ್ಲ, ಆದರೆ ಸುತ್ತ ನಿಂತು ನಡೆಸಿಕೊಂಡು ಡೈರಿಯ ಕಟ್ಟೆಗೆ ಕರೆದೊಯ್ದರು. ಕಾರಿನ ಹತ್ತಿರ ಇದ್ದ ಗಿರಿಜಳನ್ನೂ ಹೆಂಗಸರು ಬನ್ನಿ ಅಕ್ಕ ಎಂದು ಕರೆತಂದು ನನ್ನ ಪಕ್ಕ ಕೂರಿಸಿ ಮಜ್ಜಿಗೆ ಕೊಟ್ಟರು. ಆ ಮಜ್ಜಿಗೆ ಕೊಟ್ಟ ರೀತಿಯಲ್ಲೇ ನಾವು ಏಳುವಂತಿಲ್ಲ ಎಂದು ಅರ್ಥವಾಯಿತು.

ತೆಗೆದದ್ದನ್ನೆಲ್ಲ ತೋರಿಸು ಅಂದರು. ತೋರಿಸಿದೆ. ಕ್ಯಾಮೆರಾದ ಚಿಕ್ಕ ಪರದೆಯ ಸುತ್ತ ತಲೆಗಳು ಒತ್ತಿಕೊಂಡವು. ಒಂದೊಂದೇ ಸರಿಸುತ್ತಾ ಹೋದ ಹಾಗೆ ಬಿಗಿದ ಮುಖಗಳು ಸಡಿಲವಾದವು. ಎಲಾ, ನಮ್ಮ ಕೆರೇಲಿ ಇಂಥದ್ದೂ ಐತಾ ಎಂದು ಒಬ್ಬ ಮುದುಕ ಕಣ್ಣು ಕಿರಿದು ಮಾಡಿದ. ನನಗೂ ಧೈರ್ಯ ಬಂತು. ಧೈರ್ಯ ಬಂದಾಗಲೇ ನಾವು ಹೆಚ್ಚು ಮಾಡುವುದು. ನೀಲಕಂಠದ ಫೋಟೋ ಬಂದಾಗ, ನೋಡಿ ಎಷ್ಟು ಚೆನ್ನಾಗಿದೆ ಎಂದು ಅದನ್ನು ದೊಡ್ಡದು ಮಾಡಿ ತೋರಿಸಿದೆ.

ಅಷ್ಟರಲ್ಲಿ ಹಾಲು ಹಾಕಲು ಬಂದಿದ್ದ ರತ್ನಮ್ಮ ತಲೆಗಳ ನಡುವೆ ಬಗ್ಗಿದಳು. ಹಕ್ಕಿಯ ಮೇಲೆ ಅವಳ ಕಣ್ಣು ನಿಲ್ಲಲೇ ಇಲ್ಲ.

"ಅದು ನನ್ ಮೋಟ್ರು ಮನೆ ಮಗ್ಗುಲು. ಆ ನೀಲಿ ಪೈಪು ನಂದು. ಅಲ್ಲಿ ಈ ಕಲ್ಲು ಯಾವಾಗ ಬಂತು?"

ಆಗ ನಾನು ನೋಡಿದೆ. ಮೋಟು ಕಲ್ಲು, ತಲೆಗೆ ಕೆಂಪು ಬಣ್ಣ. ಇನ್ನಷ್ಟು ದೊಡ್ಡದು ಮಾಡಿದೆ. ಪಕ್ಕಕ್ಕೆ ಬಿಳಿ ಬಣ್ಣದಲ್ಲಿ ಬರೆದ ಟವರ್ ನಂಬರು, ನಮ್ಮ ಸರ್ವೆಯವರದೇ ಕೈಬರಹ. ಗೋಮಾಳದ ಬಂಡೆಯ ಮೇಲೆ ನಿಲ್ಲಬೇಕಾದ ಟವರಿನ ನಂಬರು ರತ್ನಮ್ಮನ ಬೋರ್‌ವೆಲ್ಲಿನ ಪಕ್ಕ ಇತ್ತು.

ಹಿಂದೆ ಹೀಗೆ ಆಗುವಂತಿರಲಿಲ್ಲ. ಸರಪಳಿ ಎಳೆದು, ಬಿದಿರುಗಳಕ್ಕೆ ಕೆಂಪು ಬಾವುಟ ಕಟ್ಟಿ ಅಳೆಯುತ್ತಿದ್ದ ಕಾಲದಲ್ಲಿ ಲೈನು ಒಂದು ಮಾರು ಸರಿದರೂ ಊರಿನ ದನ ಕಾಯುವವರಿಗೂ ಕಾಣುತ್ತಿತ್ತು. ಈಗ ಆಫೀಸಿನ ಪರದೆಯ ಮೇಲೆ ಬೆರಳಿನಲ್ಲಿ ಚುಕ್ಕೆ ಸರಿಸುತ್ತಾರೆ, ಇಬ್ಬರು ಬೈಕಿನಲ್ಲಿ ಬಂದು ಕಲ್ಲು ನೆಟ್ಟು ಹೋಗುತ್ತಾರೆ. ಶನಿವಾರ ರತ್ನಮ್ಮ ಅರಕಲಗೂಡಿಗೆ ನೆಂಟರ ಮನೆಗೆ ಹೋಗಿದ್ದಳು, ಸಂಜೆ ತಿರುಗಿ ಬಂದವಳು ನರ್ಸರಿಯ ಹಿಂಬದಿಗೆ ಹೋಗಿರಲಿಲ್ಲ. ಸೋಮವಾರ ಗುಂಡಿ ತೋಡಲು ಜೆಸಿಬಿ ಬರುವುದಿತ್ತು. ಬಂಡೆಯ ಮೇಲಿನ ಗುಂಡಿಗೆ ಅದು ಯಾಕೆ, ಮೆದು ಮಣ್ಣಿಗಲ್ಲವೇ ಜೆಸಿಬಿ ಎಂದು ನನಗೆ ಹೊಳೆದದ್ದು ಆ ಕಟ್ಟೆಯ ಮೇಲೆ ಕೂತಾಗ.

ಸಿಟ್ಟಿನಲ್ಲಿ ನಾನು ಈ ಕಸುಬಿನವರು ಎಂದೂ ಮಾಡಬಾರದ ಕೆಲಸ ಮಾಡಿದೆ. ಯೋಚಿಸದೆ, ಎಲ್ಲರೆದುರಿಗೆ, ಗಿರಿಜಳ ಕೈಯಿಂದ ಫೋನು ಕಸಿದು ಮುರಳೀಧರ್ ಅವರಿಗೆ ಹಚ್ಚಿದೆ. ಸಾರ್, ಕಲ್ಲು ರತ್ನಮ್ಮನ ಬೋರ್‌ವೆಲ್ ಪಕ್ಕ ಇದೆ, ನನ್ನ ಫೋಟೋದಲ್ಲೇ ಇದೆ ಅಂದೆ. ಅವರು ಅದೇ ಮೃದು ದನಿಯಲ್ಲಿ, ಹೌದಾ, ವಿಚಾರಿಸುತ್ತೇನೆ ನಂಜುಂಡಪ್ಪ, ನಾಳೆ ನಾನೇ ಬರುತ್ತೇನೆ ಅಂದರು.

ಹೊಲಕ್ಕೆ ಹೋಗಿ ಕಲ್ಲು ನೋಡೋಣ ಎಂದು ಎದ್ದೆವು. ಆದರೆ ಹಾಲು ಅಳೆದು ಮುಗಿಯುವ ತನಕ ಡೈರಿ ಬಿಡುವ ಪದ್ಧತಿ ಇಲ್ಲ. ಕ್ಯಾನು ಒಯ್ಯುವ ಗಾಡಿ ಬಂದು ಹೋಗಬೇಕು. ಕುಮಾರ ಒಬ್ಬೊಬ್ಬರದೇ ಹಾಲು ಅಳೆದ, ನಾವು ಕಾದೆವು. ಎಲ್ಲ ಮುಗಿಸಿ ರತ್ನಮ್ಮನ ಹೊಲಕ್ಕೆ ಹೋದಾಗ ಅಲ್ಲಿ ಕಲ್ಲು ಇರಲಿಲ್ಲ. ಬೋರ್‌ವೆಲ್ಲಿನ ಪಕ್ಕ ಒಂದು ತೂತು, ಸುತ್ತ ಹಸಿ ಮಣ್ಣು, ಬೈಕಿನ ಚಕ್ರದ ಗುರುತು. ನಮ್ಮ ಸರ್ವೆಯವರು ಹಳ್ಳಿಮೈಸೂರಿನಲ್ಲಿ ರೂಮು ಮಾಡಿಕೊಂಡಿದ್ದದ್ದು ನನಗೆ ಗೊತ್ತಿತ್ತು.

ಈಗ ಎಲ್ಲರ ಕಣ್ಣು ನನ್ನ ಮೇಲೆ. ಕುಮಾರ ನಿಧಾನವಾಗಿ ಹೇಳಿದ.

"ಫೋನ್ ಮಾಡ್ದೆ, ಕಲ್ ಕೀಳಿಸ್ಬುಟ್ಟೆ. ಸರ್ಯಾಗ್ ಆಟ ಕಟ್ಟಿದೆ ಕಣಯ್ಯ."

ಗಿರಿಜಳ ಕೈಯಲ್ಲಿ ಫೋನು ಬಡಿದುಕೊಂಡಿತು. ಅವಳು ಒಂದು ಗಳಿಗೆ ಕಿವಿಗಿಟ್ಟು ನನಗೆ ಕೊಟ್ಟಳು. ಅವಳ ಮುಖ ನೋಡಿಯೇ ಇದು ಬೆಂಕಿ ಎಂದು ತಿಳಿಯಿತು. ಬದುವಿನಾಚೆ ಹೋಗಿ ಮಾತಾಡಿದೆ. ಮುರಳೀಧರ್ ಹೇಳಿದ್ದು ಇಷ್ಟು. ಬಂಡೆಯ ಮೇಲೆ ಅಡಿಪಾಯ ಹಾಕಲು ತಿಂಗಳು ಹಿಡಿಯುತ್ತದೆ, ಕಂಪನಿಗೆ ಅಷ್ಟು ಸಮಯ ಇಲ್ಲ. ಸಹಿ ಆಗಿದೆ, ಕಾಗದದಲ್ಲಿ ಬರೀ ಸರ್ವೆ ನಂಬರ್ ಇದೆ, ಹೊಲದಲ್ಲಿ ಎಲ್ಲಿ ಎಂದು ಇಲ್ಲ. ನೀವು ಆ ಫೋಟೋ ಅಳಿಸಿಬಿಡಿ. ನಿವೃತ್ತಿ ಹತ್ತಿರ ಇದೆಯಲ್ಲ, ಆಮೇಲೂ ಸಲಹೆಗಾರರಾಗಿ ಇಟ್ಟುಕೊಳ್ಳುವ ಯೋಚನೆ ಇದೆ ನನಗೆ.

ತಿರುಗಿ ಬಂದೆ. ಊರಿನವರು ನಾಳೆ ಸಾಹೇಬರು ಬರುವ ತನಕ ಕಾರು ಇಲ್ಲೇ ಇರಲಿ ಎನ್ನುತ್ತಿದ್ದರು. ನಾನು ಚೌಕಾಸಿಗೆ ನಿಂತೆ. ಕಾರು ಬೇಡ, ಹೆಂಗಸಿನ ಜೊತೆ ಮನೆ ಸೇರಬೇಕು, ಕ್ಯಾಮೆರಾ ಇಟ್ಟುಕೊಳ್ಳಿ ಅಂದೆ. ಕಾರಿಗಿಂತ ಅದು ನನಗೆ ಹೆಚ್ಚು ಎಂದು ಅವರನ್ನು ನಂಬಿಸಿದೆ. ಆ ಮಾತು ನಿಜವೇ. ಅವರಿಗೆ ಹೇಳದ ಕಾರಣ ಇನ್ನೊಂದಿತ್ತು. ಕ್ಯಾಮೆರಾ ನನ್ನ ಜೊತೆ ಹಾಸನದ ಮನೆಗೆ ಬಂದರೆ ಸಂಜೆಯ ಹೊತ್ತಿಗೆ ನನ್ನ ಬೆರಳು ಏನು ಮಾಡುತ್ತದೋ ನನಗೇ ಗೊತ್ತಿರಲಿಲ್ಲ. ನನ್ನ ಮೇಲೆ ನನಗೆ ನಂಬಿಕೆ ಇಲ್ಲದ ಗಳಿಗೆಯಲ್ಲಿ ವಸ್ತುವನ್ನು ಎದುರುಪಕ್ಷದ ಕೈಗೆ ಕೊಟ್ಟುಬಿಡುವುದು ಒಳ್ಳೆಯ ವ್ಯಾಪಾರ. ರತ್ನಮ್ಮ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಸೆರಗಿನಲ್ಲಿ ಸುತ್ತಿದಳು.

ಮನೆಗೆ ಬಂದು ಎಂದಿನ ರೂಢಿಯಂತೆ ಸ್ಪೇರ್ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ. ಬೆಳಿಗ್ಗೆ ಹೊರಡುವಾಗ ರೂಢಿಯಂತೆಯೇ ತೆಗೆದು ಜೇಬಿಗೆ ಹಾಕಿಕೊಂಡೆ.

"ಕ್ಯಾಮೆರಾನೇ ಇಲ್ಲ, ಇದನ್ಯಾಕೆ ಒಯ್ತೀರಿ?" ಗಿರಿಜ ಅಂದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಅವಳು ಬಾಗಿಲ ತನಕ ಬಂದು, "ಇರ್ಲಿ ಬಿಡಿ, ಒಯ್ಯಿರಿ" ಅಂದಳು.

ಸೋಮವಾರ ಡೈರಿ ಕಟ್ಟೆಯ ಮುಂದೆ ಊರೆಲ್ಲ ಸೇರಿತ್ತು. ರಸ್ತೆಯಲ್ಲಿ ಜೆಸಿಬಿ ಇಂಜಿನ್ ಆರಿಸದೆ ನಿಂತಿತ್ತು. ಮುರಳೀಧರ್ ಕಾರಿನಿಂದ ಇಳಿದು ಎಲ್ಲರಿಗೂ ಕೈಮುಗಿದರು, ಕೊಟ್ಟ ಕಾಫಿ ಕುಡಿದರು. ಆ ಪಾಠ ಅವರಿಗೆ ಹೇಳಿಕೊಟ್ಟವನು ನಾನೇ. ಆಮೇಲೆ ಹೇಳಿದರು. ಇಲ್ಲಿ ಯಾವ ಕಲ್ಲೂ ಇಲ್ಲ, ಇರಲೂ ಇಲ್ಲ. ಯಾರೋ ನಿಮ್ಮನ್ನು ಹೆದರಿಸಿದ್ದಾರೆ. ಕೆಲಸ ಕಾಗದದಂತೆ ನಡೆಯುತ್ತದೆ.

ಕುಮಾರ ತನ್ನ ಮೊಬೈಲು ತೆಗೆದ. ಕ್ಯಾಮೆರಾದ ಪರದೆಯನ್ನು ಅವನು ಬಿಸಿಲಿನಲ್ಲಿ ಫೋಟೋ ತೆಗೆದಿದ್ದನಂತೆ. ಮುರಳೀಧರ್ ಕನ್ನಡಕ ಏರಿಸಿ ನೋಡಿ, ಇದರಲ್ಲಿ ಬರೀ ಹೊಳಪು ಇದೆಯಲ್ಲಪ್ಪಾ ಅಂದರು. ಅದು ಸುಳ್ಳಾಗಿರಲಿಲ್ಲ. ರತ್ನಮ್ಮ ಸೆರಗಿನಿಂದ ಕ್ಯಾಮೆರಾ ತೆಗೆದು ಗುಂಡಿ ಒತ್ತಿದಳು. ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದಳು.

ಹಿಂದಿನ ಸಂಜೆ ಊರಿನವರೆಲ್ಲ ಅವಳ ಜಗಲಿಗೆ ಬಂದು ಹಕ್ಕಿ ನೋಡಿದ್ದರು. ನೋಡಿದವರೇ ಇನ್ನೊಮ್ಮೆ ನೋಡಿದ್ದರು. ಬ್ಯಾಟರಿ ಪೂರ್ತಿ ಖಾಲಿ. ಕುಮಾರ ಮೊಬೈಲ್ ಚಾರ್ಜರ್ ಚುಚ್ಚಲು ನೋಡಿದ್ದ, ಕೂರಲಿಲ್ಲ.

ಮುರಳೀಧರ್ ಮುಖದಲ್ಲಿ ಏನೂ ಕಾಣಲಿಲ್ಲ. ಅವರು ಮುಂದೆ ಬಂದು ಕೈ ಚಾಚಿದರು.

"ಕೊಡಿ ತಾಯಿ. ಆಫೀಸಿನಲ್ಲಿ ಕಂಪ್ಯೂಟರ್ ಇದೆ, ನಾನೇ ಹಾಕಿ ನೋಡಿ ನಿಮಗೆ ತಿಳಿಸ್ತೀನಿ. ಅಷ್ಟರಲ್ಲಿ ಕೆಲಸ ಶುರುವಾಗ್ಲಿ."

ಎಷ್ಟು ನ್ಯಾಯವಾಗಿ ಕೇಳಿಸುವ ಮಾತು. ಒಬ್ಬಿಬ್ಬರು ಹಿರಿಯರು ಆಗಲಿ ಎಂದು ತಲೆ ಆಡಿಸಿಯೂ ಆಯಿತು. ರತ್ನಮ್ಮ ಮಾತ್ರ ಅವರ ಕೈಯನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಕೊಡ್ಲಾ ಅಣ್ಣ?"

ನನ್ನ ಜೇಬಿನಲ್ಲಿ ಬ್ಯಾಟರಿ ಇದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹ್ಞೂಂ ಅಂದರೆ ಮುಗಿಯಿತು. ಯಾರೂ ನನ್ನನ್ನು ಬೈಯುವಂತಿರಲಿಲ್ಲ, ಬೈದರೆ ಬ್ಯಾಟರಿಯನ್ನು ಬೈಯಬೇಕು. ಸಲಹೆಗಾರನ ಕೆಲಸ, ಹಾಸನದಲ್ಲಿ ಆಫೀಸಿನ ಕುರ್ಚಿ, ಬಿಡುವಾದ ಭಾನುವಾರಗಳು. ಮುರಳೀಧರ್ ನನ್ನನ್ನು ನೋಡಿ ಬಹಳ ಸ್ನೇಹದಿಂದ ನಕ್ಕರು. ಆ ನಗುವಿನಲ್ಲಿ ವ್ಯಾಪಾರ ಮುಗಿದುಹೋಗಿದೆ ಎಂಬ ಭರವಸೆ ಇತ್ತು. ನಾನು ಮಂಡಿಯಲ್ಲಿ ಬೆಳೆದವನು. ಎದುರಿನವನು ಮುಗಿಯಿತು ಎಂದುಕೊಂಡ ಗಳಿಗೆಯಲ್ಲೇ ನಾನು ಇನ್ನೊಂದು ಕೇಳುವುದು.

"ತಡಿ ರತ್ನಮ್ಮ" ಅಂದೆ. ಜೇಬಿನಿಂದ ಬ್ಯಾಟರಿ ತೆಗೆದು, ಕ್ಯಾಮೆರಾವನ್ನು ಅವಳ ಕೈಯಲ್ಲೇ ಬಿಟ್ಟು, ತಳದ ಮುಚ್ಚಳ ತೆರೆದು ಹಾಕಿದೆ. ಪರದೆ ಹೊತ್ತಿಕೊಂಡಿತು. ನೀಲಕಂಠ ರೆಕ್ಕೆ ಬಿಚ್ಚಿ ನಿಂತಿತ್ತು. ನಾನು ಕಲ್ಲನ್ನು ದೊಡ್ಡದು ಮಾಡಿದೆ. ಕೆಂಪು ತಲೆ, ಬಿಳಿ ನಂಬರು, ಹಿಂದೆ ನೀಲಿ ಪೈಪು. ಅವಳು ಅದನ್ನು ಮುರಳೀಧರ್ ಅವರ ಮುಖದ ಮುಂದೆ ಹಿಡಿದಳು.

ಜನ ಒಂದು ಹೆಜ್ಜೆ ಮುಂದೆ ಬಂದರು. ಮುರಳೀಧರ್ ಅವರ ಮುಖದ ಬಣ್ಣ ಇಳಿಯಿತು. ಇಲ್ಲಿ ಹುಡುಗರು ಒಂದು ವಿಷಯ ತಿಳಿಯಬೇಕು. ಎದುರಿನವನು ಸೋತಾಗ ಅವನಿಗೆ ಹೊರಗೆ ಹೋಗುವ ದಾರಿಯನ್ನು ನೀವೇ ಮಾಡಿಕೊಡಬೇಕು, ಇಲ್ಲದಿದ್ದರೆ ಗೆದ್ದದ್ದು ಕೈಗೆ ಬರುವುದಿಲ್ಲ, ಹೊಡೆದಾಟ ಬರುತ್ತದೆ. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಸರ್ವೆಯವರು ತಪ್ಪು ಜಾಗದಲ್ಲಿ ಕಲ್ಲು ನೆಟ್ಟು, ತಪ್ಪು ತಿಳಿದ ಮೇಲೆ ಕಿತ್ತಿದ್ದಾರೆ. ಸಾಹೇಬರು ಅದನ್ನು ಸರಿಪಡಿಸಲೆಂದೇ ಸ್ವತಃ ಬಂದಿದ್ದಾರೆ. ಈಗ ನಮ್ಮ ಜೊತೆ ಗೋಮಾಳಕ್ಕೆ ಬಂದು ಬಂಡೆಯ ಮೇಲೆ ಎಲ್ಲಿ ಎಂದು ತಮ್ಮ ಕೈಯಾರೆ ಗುರುತು ಹಾಕುತ್ತಾರೆ, ಕಾಗದದಲ್ಲೂ ಅದನ್ನೇ ಬರೆಯುತ್ತಾರೆ.

ಮುರಳೀಧರ್ ಕನ್ನಡಕ ತೆಗೆದು ಒರೆಸಿಕೊಂಡು, ಹೌದು, ಅದಕ್ಕೇ ಬಂದದ್ದು ಅಂದರು. ಜೆಸಿಬಿಗೆ ಕೈಬೀಸಿ ಹೋಗಲು ಹೇಳಿದರು. ಬಂಡೆ ಹತ್ತುವಾಗ ಅವರ ಬೂಟು ಜಾರಿತು, ಕುಮಾರನೇ ಕೈಹಿಡಿದು ಎತ್ತಿಕೊಂಡ. ಹುಷಾರು ಸಾ, ಇಲ್ಲಿ ಮೆದು ಮಣ್ಣಿಲ್ಲ ಅಂದ. ಅದು ಬಿಟ್ಟರೆ ಊರಿನವರು ಅವರಿಗೆ ಒಂದು ಮಾತೂ ಅನ್ನಲಿಲ್ಲ.

ಟವರ್ ಈಗ ಆ ಬಂಡೆಯ ಮೇಲೆ ನಿಂತಿದೆ. ಸಲಹೆಗಾರನ ಕುರ್ಚಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಉಳಿದ ನೌಕರಿಯನ್ನು ನನ್ನನ್ನು ಊರುಗಳಿಗೆ ಕಳಿಸದೆ ಗೋದಾಮಿನ ಉಸ್ತುವಾರಿಯಲ್ಲಿ ಕೂರಿಸಿ ಮುಗಿಸಿದರು. ಅಲ್ಲಿ ಗುಬ್ಬಿಗಳು ಬಹಳ ಇದ್ದವು.

ಕೆಲಸ ಬೇರೆ, ಭಾನುವಾರ ಬೇರೆ, ನಡುವೆ ಗೋಡೆ ಕಟ್ಟಿಕೊಳ್ಳಿ ಎಂದು ನಾನು ಮೊದಲೆಲ್ಲ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಹೊರಗೆ ಹೋಗಿ, ಖಂಡಿತ ಹೋಗಿ, ಹೋಗದವನು ಈ ಕೆಲಸದಲ್ಲಿ ಬಾಳುವುದಿಲ್ಲ. ಆದರೆ ಹಕ್ಕಿ ನೋಡುವಾಗ ಅದು ಯಾವುದರ ಮೇಲೆ ಕೂತಿದೆ ಎಂದೂ ನೋಡಿ. ಸ್ಪೇರ್ ಬ್ಯಾಟರಿ ಇಲ್ಲದೆ ಮನೆ ಬಿಡಬೇಡಿ.

ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ರತ್ನಮ್ಮನಿಗೆ ಕೊಡಬೇಕು ಅನ್ನಿಸಿತು. ಸ್ಟುಡಿಯೋದವನು ಕೆಳಗಿನ ಕಲ್ಲು ಅಸಹ್ಯವಾಗಿದೆ, ಕತ್ತರಿಸಿದರೆ ರೆಕ್ಕೆ ತುಂಬಿಕೊಂಡು ಬಹುಮಾನ ಬರುವ ಫೋಟೋ ಆಗುತ್ತದೆ ಅಂದ. ಅವಳನ್ನೇ ಕೇಳೋಣ ಎಂದು ಅಲ್ಲಿಂದಲೇ ಫೋನು ಮಾಡಿದೆ. ಸಸಿ ಕೊಳ್ಳುವವರ ಗಲಾಟೆಯ ನಡುವೆ ಅವಳು ಹೇಳಿದಳು.

"ಹಕ್ಕಿ ಬೇಕಾರೆ ಸಣ್ದಾಗ್ಲಿ ಕಣಣ್ಣ. ಕಲ್ಲು ಪೂರ್ತಿ ಬರ್ಲಿ."